ಮೇಕ್ ಹಠ ಹಿಡಿದರೆ ಮೊದಲು ಗಡಿಯಾರ ನೋಡಿ: ಮಳೆಗಾಲದಲ್ಲಿ ಸೋರ್ಸ್ ಕೋಡ್‌ನಿಂದ ಟೆಸರಾಕ್ಟ್ ಕಟ್ಟುವವರಿಗೆ ದೋಷ ನಿವಾರಣೆ

ದೋಷದ ಲಕ್ಷಣ ಇದು. ಸೋರ್ಸ್ ಫೈಲಿನಲ್ಲಿ ಒಂದು ಸಾಲು ತಿದ್ದಿದ್ದೀರಿ, ಉಳಿಸಿದ್ದೀರಿ, ಸೋರ್ಸ್ ಫೈಲುಗಳಿಂದ ಪ್ರೋಗ್ರಾಂ ಕಟ್ಟಿಕೊಡುವ ಮೇಕ್ ಓಡಿಸಿದ್ದೀರಿ. ಮೇಕ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಮಾಡಲು ಏನೂ ಇಲ್ಲ ಎನ್ನುತ್ತದೆ. ಪ್ರೋಗ್ರಾಂ ಓಡಿಸಿದರೆ ನಿಮ್ಮ ತಿದ್ದುಪಡಿಯ ಸುಳಿವೇ ಇಲ್ಲ. ಫೈಲು ತೆರೆದು ನೋಡಿದರೆ ತಿದ್ದಿದ ಸಾಲು ಇದ್ದಲ್ಲೇ ಇದೆ. ಮತ್ತೆ ಮೇಕ್, ಮತ್ತೆ ಅದೇ ಉತ್ತರ. ಗಂಟೆ ಕಳೆದ ಮೇಲೆ ಸುಮ್ಮನೆ ಅದೇ ಫೈಲನ್ನು ಇನ್ನೊಮ್ಮೆ ಉಳಿಸಿದರೆ ಎಲ್ಲವೂ ಸರಿಯಾಗಿಬಿಡುತ್ತದೆ, ಏಕೆಂದು ತಿಳಿಯುವುದಿಲ್ಲ.

ಇದರ ಕಾರಣ ಹುಡುಕುತ್ತಾ ನಾನು ಜುಲೈ ತಿಂಗಳ ಒಂದು ಇಡೀ ದಿನ ಕಳೆದುಕೊಂಡೆ. ಕಾರಣ ಕೋಡ್‌ನಲ್ಲಿ ಇರಲಿಲ್ಲ, ಕೋಡನ್ನು ಯಂತ್ರದ ಭಾಷೆಗೆ ತರುವ ಕಂಪೈಲರ್‌ನಲ್ಲೂ ಇರಲಿಲ್ಲ. ಮದರ್‌ಬೋರ್ಡ್ ಮೇಲಿನ, ನಾಣ್ಯದಷ್ಟು ಅಗಲದ ಒಂದು ಸೆಲ್‌ನಲ್ಲಿ ಇತ್ತು. ಮಳೆಗಾಲದಲ್ಲಿ ಕರೆಂಟು ನಂಬಲಾಗದ ಊರಿನಲ್ಲಿ ಕುಳಿತು ಸಾಫ್ಟ್‌ವೇರ್ ಕಟ್ಟುವ ಯಾರಿಗಾದರೂ ಈ ತೊಂದರೆ ಬರಬಹುದು. ಆದ್ದರಿಂದ ಇದನ್ನು ವಿವರವಾಗಿಯೂ, ಎಲ್ಲರೂ ಬರೆಯುವ ಉಳಿದ ದೋಷಗಳನ್ನು ಚುಟುಕಾಗಿಯೂ ಬರೆಯುತ್ತಿದ್ದೇನೆ. ಕಮಾಂಡ್‌ಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್ ಬಳಸಿ ಗೊತ್ತಿರುವವರಿಗೆ ಕಷ್ಟವಾಗದು. ತೆರೆಯ ಮೇಲೆ ಇಂಗ್ಲಿಷಿನಲ್ಲಿ ಬರುವ ದೂರುಗಳ ಅರ್ಥವನ್ನು ಮಾತ್ರ ಕೊಟ್ಟಿದ್ದೇನೆ.

ಯಂತ್ರ ಮತ್ತು ಕೆಲಸ

ಮಡಿಕೇರಿಯಿಂದ ಭಾಗಮಂಡಲದ ಕಡೆಗೆ ಹೋಗುವ ರಸ್ತೆಯ ಪಕ್ಕದ ತೋಟದ ಮನೆ. ಎರಡು ಕೋರ್‌ಗಳ, 4 ಜಿಬಿ ಮೆಮೊರಿಯ ಹಳೆಯ ಡೆಸ್ಕ್‌ಟಾಪ್, ಅದರಲ್ಲಿ ಉಬುಂಟು 22.04. ಹತ್ತು ನಿಮಿಷ ಜೀವ ಹಿಡಿದುಕೊಳ್ಳುವ ಯುಪಿಎಸ್. ನಿವೃತ್ತ ಶಿಕ್ಷಕರಾದ ನನ್ನ ಚಿಕ್ಕಪ್ಪನ ಬಳಿ ಒಂದು ಪೆಟ್ಟಿಗೆ ತುಂಬ ಅಚ್ಚಾದ ಕಾಗದಗಳಿವೆ: ಸಹಕಾರ ಸಂಘದ ವಾರ್ಷಿಕ ವರದಿಗಳು, ಶಾಲೆಯ ಸ್ಮರಣ ಸಂಚಿಕೆಗಳು, ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದವು. ಅವನ್ನು ಸ್ಕ್ಯಾನ್ ಮಾಡಿ ಒಳಗಿನ ಪದಗಳನ್ನು ಹುಡುಕುವಂತೆ ಮಾಡಿಕೊಡು ಎಂಬುದು ಅವರ ಬೇಡಿಕೆ.

ಚಿತ್ರದೊಳಗಿನ ಅಕ್ಷರವನ್ನು ಪಠ್ಯವಾಗಿಸುವ ಟೆಸರಾಕ್ಟ್ ಕನ್ನಡವನ್ನೂ ಓದುತ್ತದೆ. 1985ರಿಂದ 1994ರವರೆಗೆ ಹ್ಯೂಲೆಟ್ ಪ್ಯಾಕರ್ಡ್‌ನಲ್ಲಿ ಬೆಳೆದು, 2005ರಲ್ಲಿ ಮುಕ್ತ ತಂತ್ರಾಂಶವಾದದ್ದು ಅದು. ಉಬುಂಟು 22.04ರ ಭಂಡಾರದಲ್ಲಿ ಸಿಗುವುದು 4.1.1. ನವೆಂಬರ್ 2021ರಲ್ಲಿ ಬಂದ 5ನೇ ಆವೃತ್ತಿ ಲೆಕ್ಕಾಚಾರಕ್ಕೆ ದೊಡ್ಡ ದಶಮಾಂಶ ಸಂಖ್ಯೆಗಳ ಬದಲು ಚಿಕ್ಕವನ್ನು ಬಳಸಿ ಮೆಮೊರಿಯನ್ನೂ ಸಮಯವನ್ನೂ ಉಳಿಸುತ್ತದೆ. ನನ್ನಂಥ ಬಡ ಯಂತ್ರದವನಿಗೆ ಅದೇ ಬೇಕಾಗಿದ್ದು. ಒಂದು ಮಾತು ಮೊದಲೇ ಹೇಳುತ್ತೇನೆ: ನಿಮಗೆ ನಾಲ್ಕನೆಯದೇ ಸಾಕಾದರೆ, ಅಥವಾ ಹೊಸ ಉಬುಂಟು ಹಾಕಿಕೊಳ್ಳಲು ಸಾಧ್ಯವಿದ್ದರೆ, ಸಿದ್ಧ ಪ್ಯಾಕೇಜ್ ಹಾಕಿಕೊಂಡು ಈ ಬರಹವನ್ನು ಇಲ್ಲಿಗೇ ಬಿಡಿ. ಸೋರ್ಸ್‌ನಿಂದ ಕಟ್ಟುವುದು ಶೌರ್ಯವಲ್ಲ.

ಮೇಕ್ ಏನನ್ನು ನಂಬುತ್ತದೆ

ನಮ್ಮ ಕಡೆಯ ತೋಟಗಳಲ್ಲಿ ಮಳೆ ಅಳೆಯುವ ಪುಸ್ತಕ ಇರುತ್ತದೆ. ಬೆಳಿಗ್ಗೆ ಅಳತೆಯ ಜಾಡಿಯಲ್ಲಿ ನಿಂತ ನೀರು ನೋಡಿ, ತಾರೀಖಿನ ಎದುರು ಇಷ್ಟು ಇಂಚು, ಇಷ್ಟು ಸೆಂಟು ಎಂದು ರೈಟರ್ ಬರೆದಿಡುತ್ತಾರೆ. ಆ ಪುಸ್ತಕ ನೋಡುವವನು ಮಳೆಯನ್ನು ನೋಡುವುದಿಲ್ಲ, ತಾರೀಖಿನ ಕಲಂ ನೋಡುತ್ತಾನೆ. ಇವತ್ತಿನ ಮಳೆಯನ್ನು ಯಾರಾದರೂ ಮೊನ್ನೆಯ ತಾರೀಖಿನಲ್ಲಿ ಬರೆದರೆ ಪುಸ್ತಕದ ಪ್ರಕಾರ ಇವತ್ತು ಮಳೆಯೇ ಬಂದಿಲ್ಲ, ಅಂಗಳದಲ್ಲಿ ಮೊಣಕಾಲುದ್ದ ನೀರು ನಿಂತಿದ್ದರೂ.

ಮೇಕ್ ಕೂಡ ಹಾಗೆಯೇ. ಸೋರ್ಸ್ ಫೈಲಿನೊಳಗೆ ಏನು ಬದಲಾಗಿದೆ ಎಂದು ಅದು ಓದುವುದೇ ಇಲ್ಲ. ಸೋರ್ಸ್ ಫೈಲನ್ನು ಕೊನೆಯ ಬಾರಿ ಮುಟ್ಟಿದ ಸಮಯ, ಅದನ್ನು ಕಂಪೈಲ್ ಮಾಡಿದಾಗ ಹುಟ್ಟಿದ ಆಬ್ಜೆಕ್ಟ್ ಫೈಲಿನ ಸಮಯ, ಈ ಎರಡನ್ನು ಮಾತ್ರ ಹೋಲಿಸುತ್ತದೆ. ಸೋರ್ಸ್ ಹೊಸದಾಗಿದ್ದರೆ ಮತ್ತೆ ಕಂಪೈಲ್, ಇಲ್ಲದಿದ್ದರೆ ಮುಂದಕ್ಕೆ. ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮೇಕ್ ಬರೆದದ್ದರ ಹಿಂದಿನ ಕಥೆ ಇಲ್ಲಿ ಸ್ವಾರಸ್ಯಕರ. ಅವರ ಸಹೋದ್ಯೋಗಿ ಸ್ಟೀವ್ ಜಾನ್ಸನ್ ಒಂದು ದಿನ ಬೈದುಕೊಳ್ಳುತ್ತಾ ಅವರ ಕೋಣೆಗೆ ಬಂದರಂತೆ. ಸರಿಯಾಗಿಯೇ ಇದ್ದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಾ ಜಾನ್ಸನ್ ಅವರ ಬೆಳಗೆಲ್ಲ ಹಾಳಾಗಿತ್ತು. ತಪ್ಪನ್ನು ತಿದ್ದಿದ್ದರು, ಆದರೆ ತಿದ್ದಿದ ಫೈಲನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ. ಆ ಬಗೆಯ ಬೆಳಗು ಇನ್ನಾರಿಗೂ ಹಾಳಾಗಬಾರದೆಂದು ಹುಟ್ಟಿದ ಉಪಕರಣವೇ, ಗಡಿಯಾರ ಕೆಟ್ಟರೆ ಅದೇ ಬಗೆಯ ಬೆಳಗನ್ನು ನಿಮಗೆ ಮರಳಿ ಕೊಡುತ್ತದೆ. ಸಿಮೇಕ್ ಮತ್ತು ನಿಂಜಾ ಎಂಬ ಬೇರೆ ಉಪಕರಣಗಳನ್ನು ಬಳಸಿ ಕಟ್ಟಿದರೂ ಈ ವಿಷಯದಲ್ಲಿ ಬಿಡುಗಡೆ ಇಲ್ಲ. ನಿಂಜಾ ಕೂಡ ಫೈಲಿನ ಸಮಯವನ್ನೇ ನಂಬುತ್ತದೆ.

ಆ ದಿನ ನಡೆದದ್ದು

ಬೆಳಿಗ್ಗೆ ಎಂಟಕ್ಕೆ ಯಂತ್ರ ಹಾಕಿದೆ. ಆಗ ಇಂಟರ್ನೆಟ್ ಇತ್ತು. ಯಂತ್ರ ತನ್ನ ಗಡಿಯಾರವನ್ನು ಜಾಲದಿಂದ ಸರಿಮಾಡಿಕೊಂಡಿತ್ತು. ಎಂಟೂ ನಲವತ್ತರ ಹೊತ್ತಿಗೆ ಗಾಳಿ ಜೋರಾಗಿ ಸಂಪರ್ಕ ಹೋಯಿತು. ಸೋರ್ಸ್ ಹಿಂದಿನ ದಿನವೇ ಇಳಿದಿದ್ದರಿಂದ ಕೆಲಸ ನಿಲ್ಲಿಸಲಿಲ್ಲ. ಒಂಬತ್ತೂ ಇಪ್ಪತ್ತೈದಕ್ಕೆ ಆಟೋಜೆನ್ ಓಡಿಸಿ, ಯಂತ್ರವನ್ನು ಪರೀಕ್ಷಿಸಿ ಮೇಕ್‌ಗೆ ಅಣಿಮಾಡುವ ಕಾನ್ಫಿಗರ್ ಫೈಲು ತಯಾರಿಸಿಕೊಂಡು ಅದನ್ನೂ ಓಡಿಸಿದೆ, ಒಂಬತ್ತೂವರೆಗೆ ಮೇಕ್ ಶುರು ಮಾಡಿದೆ. ಇಪ್ಪತ್ತೈದು ನಿಮಿಷದಲ್ಲಿ ಮುಗಿಯಿತು. ಹನ್ನೊಂದೂ ಇಪ್ಪತ್ತಕ್ಕೆ ಎಲ್ಲೋ ಮರ ತಂತಿಯ ಮೇಲೆ ಬಿತ್ತು. ಯುಪಿಎಸ್ ಹತ್ತು ನಿಮಿಷ ಕೂಗಿ ಸುಮ್ಮನಾಯಿತು.

ಒಂದೂ ಮೂವತ್ತೈದಕ್ಕೆ ಕರೆಂಟು ಬಂತು, ಇಂಟರ್ನೆಟ್ ಬರಲಿಲ್ಲ. ಯಂತ್ರ ಹಾಕಿ, ಒಂದೊಂದು ಪುಟ ಓದಲು ಎಷ್ಟು ಸೆಕೆಂಡು ಹಿಡಿಯಿತು ಎಂದು ಮುದ್ರಿಸುವ ಒಂದು ಸಾಲನ್ನು ಸೋರ್ಸ್‌ಗೆ ಸೇರಿಸಿ ಎರಡು ಗಂಟೆಗೆ ಉಳಿಸಿದೆ. ಮೇಕ್ ಹೇಳಿತು: ಕೆಲವು ಫೈಲುಗಳ ಸಮಯ ಎರಡು ಸಾವಿರ ಚಿಲ್ಲರೆ ಸೆಕೆಂಡು ಮುಂದಿದೆ, ಗಡಿಯಾರದಲ್ಲಿ ವ್ಯತ್ಯಾಸ ಕಂಡಿದೆ, ಕಟ್ಟುವಿಕೆ ಅಪೂರ್ಣವಾಗಿರಬಹುದು. ಇದು ಎಚ್ಚರಿಕೆ ಮಾತ್ರ, ದೋಷವಲ್ಲ ಎಂದು ದಾಟಿಬಿಟ್ಟೆ. ಕಂಪೈಲರ್‌ಗಳು ಉದುರಿಸುವ ನೂರಾರು ಎಚ್ಚರಿಕೆಗಳ ನಡುವೆ ಬದುಕಿ ಬದುಕಿ ಬರುವ ಚಾಳಿ ಇದು. ಸಾಲು ಮುದ್ರಣವಾಗಲಿಲ್ಲ. ಕಾನ್ಫಿಗರ್ ಮತ್ತೆ ಓಡಿಸಿದೆ. ಈ ಸಲ ಅದು ಎಚ್ಚರಿಕೆ ಕೊಡದೆ ನೇರವಾಗಿ ನಿಂತೇಬಿಟ್ಟಿತು: ಈಗ ತಾನೇ ಸೃಷ್ಟಿಸಿದ ಫೈಲು ವಿತರಣೆಯಲ್ಲಿ ಬಂದ ಫೈಲುಗಳಿಗಿಂತ ಹಳೆಯದಾಗಿದೆ, ನಿಮ್ಮ ಗಡಿಯಾರ ಪರೀಕ್ಷಿಸಿ.

ಇದಕ್ಕಿಂತ ಸ್ಪಷ್ಟವಾಗಿ ಯಾವ ಯಂತ್ರವೂ ಹೇಳಲಾರದು. ನಾನು ಅದನ್ನು ಜೋರಾಗಿ ಓದಿದೆ, ನಂಬಲಿಲ್ಲ. ಹಿಂದೆ ಕುಳಿತು ಕಾಫಿ ಕುಡಿಯುತ್ತಿದ್ದ ಚಿಕ್ಕಪ್ಪ ಗೋಡೆಯ ಗಡಿಯಾರ ನೋಡಿದರು.

"ಸರಿಯಾಗಿಯೇ ಇದೆಯಲ್ಲ. ಎರಡೂ ಹತ್ತು."

"ಇದಲ್ಲ ಚಿಕ್ಕಪ್ಪ, ಕಂಪ್ಯೂಟರಿನದು."

ಅವರು ಕನ್ನಡಕ ಸರಿಮಾಡಿಕೊಂಡು ತೆರೆಯ ಮೇಲ್ಭಾಗ ನೋಡಿದರು. "ಅದರಲ್ಲಿ ಒಂಬತ್ತೂ ಕಾಲು. ನಮಗೆ ಊಟವಾಯಿತು, ಅದಕ್ಕೆ ಇನ್ನೂ ತಿಂಡಿಯೇ ಆಗಿಲ್ಲ ನೋಡು."

ನಡೆದದ್ದು ಇಷ್ಟು. ಕರೆಂಟು ಇಲ್ಲದಿರುವಾಗ ಸಮಯ ಕಾಯುವುದು ಮದರ್‌ಬೋರ್ಡ್ ಮೇಲಿನ ಆರ್‌ಟಿಸಿ ಎಂಬ ಗಡಿಯಾರ. ಅದಕ್ಕೆ ಆಗ ಉಣಿಸುವುದು ಒಂದು ಪುಟ್ಟ ಸೆಲ್. ಸೆಲ್ ಸತ್ತಿದ್ದರೆ ಕರೆಂಟು ಹೋದೊಡನೆ ಆರ್‌ಟಿಸಿ ತನ್ನ ಹುಟ್ಟಿದ ದಿನಕ್ಕೆ ಹಿಂದಿರುಗುತ್ತದೆ. ಉಬುಂಟು ಇಷ್ಟು ಹಳೆಯ ತಾರೀಖನ್ನು ಒಪ್ಪುವುದಿಲ್ಲ. ಸಮಯ ಹೊಂದಿಸುವ ಸೇವೆಯಾದ ಸಿಸ್ಟಮ್‌ಡಿ ಟೈಮ್‌ಸಿಂಕ್‌ಡಿ ಜಾಲದಿಂದ ಸಮಯ ಪಡೆದಾಗೆಲ್ಲ ಅದನ್ನು ಒಂದು ಫೈಲಿನ ಮೇಲೆ ಗುರುತು ಹಾಕಿಟ್ಟಿರುತ್ತದೆ. ಮುಂದೆ ಯಂತ್ರ ಏಳುವಾಗ ಗಡಿಯಾರ ಅದಕ್ಕಿಂತ ಹಿಂದಿದ್ದರೆ ಆ ಗುರುತಿನಿಂದ ಆರಂಭಿಸುತ್ತದೆ. ನನ್ನ ಯಂತ್ರದಲ್ಲಿ ಕೊನೆಯ ಗುರುತು ಎಂಟೂ ನಲವತ್ತರದ್ದು. ಆದ್ದರಿಂದ ಮಧ್ಯಾಹ್ನ ಒಂದೂ ಮೂವತ್ತೈದಕ್ಕೆ ಎದ್ದ ಯಂತ್ರ ಬೆಳಗಿನ ಎಂಟೂ ನಲವತ್ತರಿಂದ ಬದುಕು ಮುಂದುವರಿಸಿತು.

ಈ ಜಾಣತನವೇ ದೋಷವನ್ನು ಮರೆಮಾಡಿತು. ತಾರೀಖು 2010 ಎಂದು ತೋರಿಸಿದ್ದರೆ ಯಾರಿಗಾದರೂ ಕಾಣುತ್ತಿತ್ತು. ತಾರೀಖು ಇವತ್ತಿನದೇ, ಗಂಟೆ ಮಾತ್ರ ಬೇರೆ. ಮಳೆ ಮೋಡದ ದಿನ ಹೊರಗೆ ನೋಡಿದರೆ ಬೆಳಗಿನ ಒಂಬತ್ತಕ್ಕೂ ಮಧ್ಯಾಹ್ನದ ಎರಡಕ್ಕೂ ಕೊಡಗಿನಲ್ಲಿ ಬೆಳಕಿನ ವ್ಯತ್ಯಾಸವೂ ಹೆಚ್ಚಿಲ್ಲ!

ಈಗ ಲೆಕ್ಕ ಹಾಕಿ. ಆಬ್ಜೆಕ್ಟ್ ಫೈಲಿನ ಸಮಯ ಒಂಬತ್ತೂ ಐವತ್ತು. ನಾನು ತಿದ್ದಿದ ಸೋರ್ಸ್ ಫೈಲಿನ ಸಮಯ ಯಂತ್ರದ ಪ್ರಕಾರ ಒಂಬತ್ತೂ ಐದು. ಮೇಕ್‌ನ ಕಣ್ಣಿಗೆ ಆಬ್ಜೆಕ್ಟೇ ಹೊಸದು, ಮಾಡಲು ಏನೂ ಇಲ್ಲ. ಇನ್ನೂ ಕೆಟ್ಟದ್ದೆಂದರೆ, ಯಂತ್ರದ ಗಡಿಯಾರ ನಡೆಯುತ್ತಾ ಹತ್ತು ಗಂಟೆ ದಾಟಿದ ಮೇಲೆ ಯಾವ ಫೈಲೂ ಭವಿಷ್ಯದಲ್ಲಿ ಉಳಿಯುವುದಿಲ್ಲ. ಎಚ್ಚರಿಕೆಯೂ ನಿಲ್ಲುತ್ತದೆ, ದೋಷ ಮಾತ್ರ ಹಾಗೆಯೇ ಇರುತ್ತದೆ: ಒಂಬತ್ತೂ ಐದು ಎಂದೆಂದಿಗೂ ಒಂಬತ್ತೂ ಐವತ್ತಕ್ಕಿಂತ ಹಿಂದಿನದೇ. ಅನಂತರ ಯಾವಾಗಲೋ ಫೈಲನ್ನು ಮತ್ತೆ ಉಳಿಸಿದರೆ ಅದಕ್ಕೆ ಹೊಸ ಸಮಯ ಬಿದ್ದು ಕಂಪೈಲ್ ಆಗುತ್ತದೆ. ತಾನಾಗಿಯೇ ಸರಿಯಾಯಿತು ಎಂದು ನಾವು ಅಂದುಕೊಳ್ಳುವ ಪವಾಡದ ಗುಟ್ಟು ಇದು.

ಪರೀಕ್ಷಿಸುವ ಬಗೆ

ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಎಂದು ಬರೆದು ಎಂಟರ್ ಒತ್ತಿ. ಬರುವ ಸಾಲುಗಳಲ್ಲಿ ಮೂರನ್ನು ನೋಡಿದರೆ ಸಾಕು: ಸ್ಥಳೀಯ ಸಮಯ, ಆರ್‌ಟಿಸಿ ಸಮಯ, ಮತ್ತು ಗಡಿಯಾರ ಜಾಲದೊಂದಿಗೆ ಹೊಂದಿಕೊಂಡಿದೆಯೋ ಇಲ್ಲವೋ ಎನ್ನುವ ಸಾಲು. ಸ್ಥಳೀಯ ಸಮಯವನ್ನು ಕೈಗಡಿಯಾರದೊಂದಿಗೆ ಹೋಲಿಸಿ. ಆರ್‌ಟಿಸಿ ಸಮಯ ಸಾಮಾನ್ಯವಾಗಿ ಜಗತ್ತಿಗೆಲ್ಲ ಒಂದೇ ಆದ ಯುಟಿಸಿಯಲ್ಲಿ ಇರುತ್ತದೆ, ಅಂದರೆ ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ, ಅದು ತಪ್ಪಲ್ಲ. ನನ್ನ ಯಂತ್ರದಲ್ಲಿ ಆ ಸಾಲು 2010ರ ಜನವರಿ 1 ಎಂದು ತೋರಿಸುತ್ತಿತ್ತು. ಅಲ್ಲಿಗೆ ರೋಗ ಪತ್ತೆಯಾಯಿತು: ಸೆಲ್.

ಆದರೆ ಈ ಪರೀಕ್ಷೆಯನ್ನು ಇಂಟರ್ನೆಟ್ ಬರುವ ಮೊದಲೇ ಮಾಡಬೇಕು. ಜಾಲ ಸಿಕ್ಕಿ ಗಡಿಯಾರ ಹೊಂದಿಕೊಂಡ ಸ್ವಲ್ಪ ಹೊತ್ತಿನಲ್ಲಿ ಲಿನಕ್ಸಿನ ತಿರುಳಾದ ಕರ್ನೆಲ್ ಸರಿಯಾದ ಸಮಯವನ್ನು ಆರ್‌ಟಿಸಿಗೂ ಬರೆದುಬಿಡುತ್ತದೆ, ಸಾಕ್ಷಿ ಅಳಿಸಿಹೋಗುತ್ತದೆ. ಅನುಮಾನವಿದ್ದರೆ ಇಂಟರ್ನೆಟ್ ಕೇಬಲ್ ತೆಗೆದು, ಯಂತ್ರ ಆರಿಸಿ, ಗೋಡೆಯ ಸ್ವಿಚ್ಚನ್ನೂ ಆರಿಸಿ, ಅರ್ಧ ಗಂಟೆ ಬಿಟ್ಟು ಹಾಕಿ ನೋಡಿ. ಗೋಡೆಯ ಸ್ವಿಚ್ ಆರಿಸುವುದು ಮುಖ್ಯ. ಅದು ಹಾಕಿದ್ದರೆ ಯಂತ್ರ ಮಲಗಿದ್ದರೂ ಆರ್‌ಟಿಸಿಗೆ ಕರೆಂಟು ಸಿಗುತ್ತಲೇ ಇರುತ್ತದೆ, ಸತ್ತ ಸೆಲ್ ಆರೋಗ್ಯವಂತನಂತೆ ನಟಿಸುತ್ತದೆ. ಬೇಸಿಗೆಯಲ್ಲಿ ನನ್ನ ಯಂತ್ರ ಸರಿಯಿದ್ದದ್ದು ಹೀಗೆಯೇ ಇರಬೇಕು.

ಹೊಸ ಪ್ಯಾಕೇಜ್ ಹಾಕಲು ಹೋದಾಗ ಆಪ್ಟ್ ಕೂಡ ಸುಳಿವು ಕೊಡುತ್ತದೆ. ಭಂಡಾರದ ಬಿಡುಗಡೆ ಪಟ್ಟಿ ಇನ್ನೂ ಊರ್ಜಿತವಾಗಿಲ್ಲ, ಇನ್ನು ಇಷ್ಟು ಗಂಟೆ ಇಷ್ಟು ನಿಮಿಷ ಬೇಕು ಎಂದು ಅದು ದೂರಿದರೆ ಭಂಡಾರದ ತಪ್ಪಲ್ಲ, ನಿಮ್ಮ ಗಡಿಯಾರ ಹಿಂದಿದೆ. ಗಡಿಯಾರ ವರ್ಷಗಟ್ಟಲೆ ಹಿಂದಿದ್ದರೆ ಸೋರ್ಸ್ ಕೋಡ್ ಇಳಿಸುವ ಗಿಟ್ ಕ್ಲೋನ್ ಕೂಡ ಜಾಲತಾಣದ ಪ್ರಮಾಣಪತ್ರ ಒಪ್ಪುವುದಿಲ್ಲ ಎಂದು ನಿಲ್ಲುತ್ತದೆ. ಆಗ ಪ್ರಮಾಣಪತ್ರದ ಪರೀಕ್ಷೆಯನ್ನೇ ಆಫ್ ಮಾಡಿ ಎಂದು ಸಲಹೆ ಕೊಡುವವರ ಮಾತು ಕೇಳಬೇಡಿ.

ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ ಇದ್ದರೆ

ಆಗ ಸೆಲ್‌ಗೆ ಕೈ ಹಾಕಬೇಡಿ. ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡವರ ಕಾಯಿಲೆ ಇದು. ವಿಂಡೋಸ್ ಆರ್‌ಟಿಸಿಯಲ್ಲಿ ಭಾರತೀಯ ಸಮಯವನ್ನೇ ಬರೆಯುತ್ತದೆ, ಲಿನಕ್ಸ್ ಅದನ್ನು ಯುಟಿಸಿ ಎಂದು ಓದಿ ಮೇಲೆ ಐದೂವರೆ ಗಂಟೆ ಕೂಡಿಸುತ್ತದೆ. ಮಧ್ಯಾಹ್ನ ಎರಡಕ್ಕೆ ಯಂತ್ರ ಸಂಜೆ ಏಳೂವರೆ ಎನ್ನುತ್ತದೆ. ಆಗ ಕಟ್ಟಿದ ಫೈಲುಗಳೆಲ್ಲ, ಜಾಲ ಸಿಕ್ಕಿ ಗಡಿಯಾರ ಸರಿಯಾದ ಕೂಡಲೇ, ಭವಿಷ್ಯಕ್ಕೆ ಸೇರುತ್ತವೆ. ಮೇಕ್‌ನ ಎಚ್ಚರಿಕೆಯಲ್ಲಿ 19,800ರ ಆಸುಪಾಸಿನ ಸೆಕೆಂಡುಗಳು ಕಂಡರೆ ಸಂದೇಹವೇ ಬೇಡ. ಅದು ಐದೂವರೆ ಗಂಟೆ. ವಿಂಡೋಸ್ ಯುಟಿಸಿ ಬಳಸುವಂತೆ ಬದಲಿಸುವುದು ಒಳ್ಳೆಯ ದಾರಿ. ಅದು ಆಗದಿದ್ದರೆ ಟೈಮ್‌ಡೇಟ್‌ಸಿಟಿಎಲ್‌ಗೆ ಸೆಟ್ ಲೋಕಲ್ ಆರ್‌ಟಿಸಿ 1 ಎಂದು ಹೇಳಿ ಲಿನಕ್ಸನ್ನೇ ಒಗ್ಗಿಸಬಹುದು. ಟೈಮ್‌ಡೇಟ್‌ಸಿಟಿಎಲ್ ಇದಕ್ಕೆ ಗೊಣಗುತ್ತದೆ, ಆದರೆ ಕೆಲಸ ನಡೆಯುತ್ತದೆ.

ಸೆಲ್ ಬದಲಿಸುವುದು

ಸಾಮಾನ್ಯವಾಗಿ ಡೆಸ್ಕ್‌ಟಾಪ್‌ಗಳಲ್ಲಿ ಇರುವುದು ಸಿಆರ್ 2032. ಹೆಸರಿನಲ್ಲೇ ಅಳತೆ ಇದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. 3 ವೋಲ್ಟ್. ಜೀಪಿನ ಬ್ಯಾಟರಿ ನೋಡುವ ಮೀಟರನ್ನೇ ಹಚ್ಚಿ ನೋಡಿದೆ, ಎರಡು ವೋಲ್ಟ್ ಕೂಡ ಇರಲಿಲ್ಲ.

ಸೆಲ್ ತೆಗೆಯುವ ಮುನ್ನ, ಮದರ್‌ಬೋರ್ಡಿನ ಹೊಂದಿಕೆಗಳಿರುವ ಬಯೋಸ್ ಪುಟಗಳ ಫೋಟೋ ಮೊಬೈಲಿನಲ್ಲಿ ತೆಗೆದಿಡಿ. ಸೆಲ್ ತೆಗೆದರೆ ಅಲ್ಲಿನ ಹೊಂದಿಕೆಗಳು ಮೊದಲಿನ ಸ್ಥಿತಿಗೆ ಹೋಗಬಹುದು. ಮುಖ್ಯವಾಗಿ ಸಾಟಾ ಡಿಸ್ಕಿನ ವಿಧಾನ ಎಎಚ್‌ಸಿಐ ಇಂದ ಐಡಿಇ ಆಗಿಬಿಟ್ಟರೆ ಯಂತ್ರ ಏಳದೆ ಹೋಗಬಹುದು, ಆಗ ಹೊಸ ದೋಷದ ಬೆನ್ನು ಹತ್ತುತ್ತೀರಿ. ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಒಮ್ಮೆ ಒತ್ತಿ ಉಳಿದ ವಿದ್ಯುತ್ತನ್ನು ಹರಿಯಲು ಬಿಡಿ. ಕ್ಲಿಪ್ಪನ್ನು ಉಗುರಿನಿಂದ ಸರಿಸಿದರೆ ಸೆಲ್ ಮೇಲೆ ಬರುತ್ತದೆ. ಕೂಡುವ ಚಿಹ್ನೆ ಇರುವ ಮುಖ ಯಾವ ಕಡೆ ಇತ್ತೋ ಹೊಸದನ್ನೂ ಹಾಗೆಯೇ ಕೂರಿಸಿ.

ಸೆಲ್ ಕೂರುವ ಲೋಹದ ನಾಲಿಗೆಯನ್ನೂ ನೋಡಿ. ಒಗೆದ ಬಟ್ಟೆಯನ್ನು ಬೆಂಕಿಯ ಮೇಲೆ ಕಟ್ಟಿ ಒಣಗಿಸುವ ತಿಂಗಳುಗಳಲ್ಲಿ ಕಂಪ್ಯೂಟರಿನ ಒಳಗೆ ಮಾತ್ರ ಬಿಸಿಲು ಇರುತ್ತದೆಯೇ? ನನ್ನದರಲ್ಲಿ ತೆಳು ಹಸಿರು ಕಿಲುಬು ಕಟ್ಟಿತ್ತು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಪುಡಿಯನ್ನು ಊದಿ ತೆಗೆದೆ. ಹೊಸ ಸೆಲ್ ಹಾಕಿಯೂ ಸಮಯ ನಿಲ್ಲದಿದ್ದರೆ ಈ ಕಿಲುಬೇ ಕಾರಣವಿರಬಹುದು.

ರಸ್ತೆ ಮುಚ್ಚಿ ಅಂಗಡಿಗೆ ಹೋಗಲಾಗದ ದಿನಗಳಲ್ಲಿ ಸಮಯವನ್ನು ಕೈಯಿಂದ ಹಾಕಿ. ಟೈಮ್‌ಡೇಟ್‌ಸಿಟಿಎಲ್‌ಗೆ ಸೆಟ್ ಎನ್‌ಟಿಪಿ ಫಾಲ್ಸ್ ಎಂದು ಹೇಳಿ ಜಾಲದ ಹೊಂದಾಣಿಕೆ ನಿಲ್ಲಿಸಿ, ಸೆಟ್ ಟೈಮ್‌ನಲ್ಲಿ ತಾರೀಖು ಮತ್ತು ಗಂಟೆ ಕೊಟ್ಟು, ಮತ್ತೆ ಎನ್‌ಟಿಪಿ ಟ್ರೂ ಮಾಡಿ. ಕರೆಂಟು ಹೋಗಿಬಂದ ಪ್ರತಿ ಸಲವೂ ಇದನ್ನು ಮಾಡಬೇಕು, ಕಟ್ಟುವ ಕೆಲಸ ಶುರುವಾಗುವ ಮೊದಲೇ.

ಗಡಿಯಾರ ಸರಿಯಾದ ಮೇಲೆ ಫೈಲುಗಳನ್ನು ಸರಿಪಡಿಸುವುದು

ಇಲ್ಲಿ ಬಹಳ ಜನ ಎಡವುತ್ತಾರೆ. ಗಡಿಯಾರ ಸರಿಯಾದ ಮಾತ್ರಕ್ಕೆ ಫೈಲುಗಳ ಮೇಲೆ ಬಿದ್ದ ತಪ್ಪು ಸಮಯ ಸರಿಹೋಗುವುದಿಲ್ಲ. ಫೋಲ್ಡರ್ ಒಳಗೆ ಫೈಂಡ್ ಕಮಾಂಡ್‌ಗೆ ನ್ಯೂಯರ್‌ಎಂಟಿ ನೌ ಎಂಬ ಷರತ್ತು ಕೊಟ್ಟರೆ ಇನ್ನೂ ಭವಿಷ್ಯದಲ್ಲಿರುವ ಫೈಲುಗಳು ಸಿಗುತ್ತವೆ. ನನ್ನ ಪ್ರಕರಣದಲ್ಲಿ ಒಂದೂ ಸಿಗಲಿಲ್ಲ, ಆದರೂ ದೋಷ ಇತ್ತು, ಮೇಲೆ ಹೇಳಿದ ಕಾರಣಕ್ಕೆ.

ಕಡಿಮೆ ಖರ್ಚಿನ ಮದ್ದು ಇದು: ಗಿಟ್ ಡಿಫ್‌ಗೆ ನೇಮ್ ಓನ್ಲಿ ಎಂದು ಹೇಳಿದರೆ ನೀವು ತಿದ್ದಿದ ಫೈಲುಗಳ ಹೆಸರು ಬರುತ್ತವೆ. ಅವಕ್ಕೆ ಟಚ್ ಕಮಾಂಡ್ ಕೊಡಿ. ಟಚ್ ಒಳಗಿನದನ್ನು ಮುಟ್ಟದೆ ಸಮಯವನ್ನು ಈಗಿನದಕ್ಕೆ ಬದಲಿಸುತ್ತದೆ. ಆಮೇಲೆ ಮೇಕ್ ಅಷ್ಟನ್ನೇ ಕಂಪೈಲ್ ಮಾಡುತ್ತದೆ.

ಪೂರಾ ನಂಬಿಕೆ ಬೇಕಾದರೆ, ಕಟ್ಟಿದ್ದನ್ನೆಲ್ಲ ಅಳಿಸುವ ಮೇಕ್ ಕ್ಲೀನ್ ಮಾಡಿ ಮೊದಲಿನಿಂದ ಕಟ್ಟಬೇಕು. ಅದಕ್ಕೂ ಬಗ್ಗದೆ, ಮೇಕ್ ಪದೇ ಪದೇ ಕಾನ್ಫಿಗರ್ ಅನ್ನು ತಾನೇ ಓಡಿಸುತ್ತಾ ಸುತ್ತು ಹೊಡೆಯುತ್ತಿದ್ದರೆ, ಕಾನ್ಫಿಗರ್‌ಗೆ ಸಂಬಂಧಿಸಿದ ಫೈಲುಗಳ ಸಮಯವೂ ಹಿಂದುಮುಂದಾಗಿದೆ ಎಂದರ್ಥ. ಎಕ್ಸ್, ಡಿ, ಎಫ್ ಎಂಬ ಆಯ್ಕೆಗಳನ್ನು ಕೊಟ್ಟರೆ ಗಿಟ್ ಕ್ಲೀನ್ ಒಂದೇ ಏಟಿಗೆ ಎಲ್ಲವನ್ನೂ ತೊಳೆದು ಹಾಕುತ್ತದೆ. ಎಲ್ಲವನ್ನೂ ಎಂದರೆ ನಿಜವಾಗಿಯೂ ಎಲ್ಲವನ್ನೂ. ಗಿಟ್‌ಗೆ ಪರಿಚಯವಿಲ್ಲದ ಯಾವ ಫೈಲನ್ನೂ ಅದು ಉಳಿಸುವುದಿಲ್ಲ. ಸ್ಕ್ಯಾನ್ ಮಾಡಿದ ನಲವತ್ತು ಪುಟಗಳನ್ನು ಪರೀಕ್ಷೆಗೆಂದು ನಾನು ಅದೇ ಫೋಲ್ಡರಿನಲ್ಲಿ ಇಟ್ಟಿದ್ದೆ. ಆ ನಲವತ್ತು ಪುಟಗಳನ್ನು ಮತ್ತೆ ಸ್ಕ್ಯಾನ್ ಮಾಡುವಾಗ ಚಿಕ್ಕಪ್ಪ ಒಂದೂ ಮಾತಾಡಲಿಲ್ಲ, ಬೈದಿದ್ದರೆ ವಾಸಿಯಿತ್ತು. ಮೊದಲು ಎನ್ ಎಂಬ ಆಯ್ಕೆ ಸೇರಿಸಿ ಓಡಿಸಿ. ಆಗ ಅದು ಅಳಿಸದೆ, ಅಳಿಸಲಿರುವುದರ ಪಟ್ಟಿ ಮಾತ್ರ ಕೊಡುತ್ತದೆ.

ಮತ್ತೆ ಮತ್ತೆ ಮೊದಲಿನಿಂದ ಕಟ್ಟಬೇಕಾಗಿ ಬರುವ ನಮ್ಮಂಥವರಿಗೆ ಸಿಕ್ಯಾಶ್ ಎಂಬುದು ವರದಾನ. ಅದು ಹಿಂದೆ ಕಂಪೈಲ್ ಮಾಡಿದ್ದನ್ನು ಕೂಡಿಟ್ಟುಕೊಂಡು, ಅದೇ ಕೋಡ್ ಮತ್ತೆ ಬಂದರೆ ಕೂಡಿಟ್ಟದ್ದನ್ನೇ ಎತ್ತಿಕೊಡುತ್ತದೆ. ಅದೇ ಕೋಡ್ ಹೌದೋ ಅಲ್ಲವೋ ಎಂದು ತೀರ್ಮಾನಿಸಲು ಸೋರ್ಸ್ ಫೈಲಿನ ಸಮಯವನ್ನು ನೆಚ್ಚದೆ ಒಳಗಿನದನ್ನೇ ನೋಡುತ್ತದೆ. ಕಾನ್ಫಿಗರ್ ಓಡಿಸುವಾಗ ಸಿ++ ಕಂಪೈಲರಿನ ಹೆಸರಿನ ಮುಂದೆ ಸಿಕ್ಯಾಶ್ ಎಂದು ಸೇರಿಸಿದರೆ ಸಾಕು. ಎರಡನೆಯ ಸಲ ನನ್ನ ಇಪ್ಪತ್ತೈದು ನಿಮಿಷ ಮೂರಕ್ಕೆ ಇಳಿಯಿತು. ಯುಪಿಎಸ್‌ನ ಹತ್ತು ನಿಮಿಷದೊಳಗೆ ಮುಗಿಯುವ ಕೆಲಸವೆಂದರೆ ಇಲ್ಲಿ ದೊಡ್ಡ ಮಾತು.

ಕರೆಂಟು ಹೋದಾಗ ಅರ್ಧ ಬರೆದು ನಿಂತ ಫೈಲುಗಳು

ಇದು ಗಡಿಯಾರದ ದೋಷಕ್ಕೆ ದಾಯಾದಿ. ನೀವು ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿದರೆ ಮೇಕ್ ಅರ್ಧ ಬರೆದ ಫೈಲನ್ನು ತಾನೇ ಅಳಿಸುತ್ತದೆ. ಕರೆಂಟು ಹೋದರೆ ಅಳಿಸಲು ಅದಕ್ಕೆ ವ್ಯವಧಾನವಿರುವುದಿಲ್ಲ. ಮುಂದಿನ ಸಲ ಮೇಕ್ ಆ ಅರೆಬರೆ ಫೈಲಿನ ಸಮಯ ನೋಡಿ, ಹೊಸದಾಗಿದೆ, ಸರಿ ಎಂದು ಮುಂದೆ ಹೋಗುತ್ತದೆ. ಕೊನೆಗೆ ಎಲ್ಲವನ್ನೂ ಜೋಡಿಸುವ ಲಿಂಕರ್, ಈ ಫೈಲು ತುಂಡಾಗಿದೆ, ಗುರುತು ಸಿಗುತ್ತಿಲ್ಲ ಎಂದು ಕೈಚೆಲ್ಲುತ್ತದೆ. ದೂರಿನಲ್ಲಿ ಹೆಸರಿಸಿದ ಆಬ್ಜೆಕ್ಟ್ ಫೈಲನ್ನು ಅಳಿಸಿ ಮತ್ತೆ ಮೇಕ್ ಮಾಡಿ. ಶೂನ್ಯ ಗಾತ್ರದ ಆಬ್ಜೆಕ್ಟ್ ಫೈಲುಗಳನ್ನು ಫೈಂಡ್‌ನಿಂದ ಹುಡುಕಿ ಒಟ್ಟಿಗೆ ಅಳಿಸಬಹುದು, ಆದರೆ ಅರ್ಧ ಬರೆದದ್ದೆಲ್ಲ ಶೂನ್ಯ ಗಾತ್ರದ್ದೇ ಆಗಿರಬೇಕೆಂದಿಲ್ಲ. ಒಂದಕ್ಕಿಂತ ಹೆಚ್ಚು ಕಂಡರೆ ಮೇಕ್ ಕ್ಲೀನ್ ಮಾಡುವುದೇ ಮೇಲು.

ಗಿಟ್ ನಡುವೆ ಕರೆಂಟು ಹೋದರೆ ಅದರ ಒಳಗಿನ ಭಂಡಾರದಲ್ಲೂ ಖಾಲಿ ಫೈಲು ಉಳಿದು, ಆಬ್ಜೆಕ್ಟ್ ಕೆಟ್ಟಿದೆ ಎಂಬ ದೂರು ಬರುತ್ತದೆ. ನಿಮ್ಮ ತಿದ್ದುಪಡಿಗಳನ್ನು ಬೇರೆಡೆ ನಕಲಿಸಿಟ್ಟು ಹೊಸದಾಗಿ ಕ್ಲೋನ್ ಮಾಡುವುದೇ ಸುಲಭ. ಕ್ಲೋನ್ ಅರ್ಧದಲ್ಲಿ ನಿಂತರೆ ನಿಂತಲ್ಲಿಂದ ಮುಂದುವರಿಯುವುದಿಲ್ಲ, ಮೊದಲಿನಿಂದ ಇಳಿಸಬೇಕು. ಆದ್ದರಿಂದ ಡೆಪ್ತ್ 1 ಎಂಬ ಆಯ್ಕೆ ಕೊಟ್ಟು ಹಳೆಯ ಇತಿಹಾಸವನ್ನು ಬಿಟ್ಟು ಇವತ್ತಿನ ಕೋಡನ್ನು ಮಾತ್ರ ತರಿಸಿಕೊಳ್ಳಿ.

ಎಲ್ಲರಿಗೂ ಬರುವ ಉಳಿದ ದೋಷಗಳು

ಆಟೋಜೆನ್ ಅಥವಾ ಕಾನ್ಫಿಗರ್ ಹಂತದಲ್ಲಿ, ಅರ್ಥವಾಗದ ಮ್ಯಾಕ್ರೋ ಹೆಸರು ಹೇಳಿ ನಿಂತರೆ ಆ ಹೆಸರಿನ ಬೆನ್ನು ಹತ್ತಬೇಡಿ. ಹೆಚ್ಚಿನ ಸಲ ಪಿಕೆಜಿ ಕಾನ್ಫಿಗ್ ಎಂಬ ಪ್ಯಾಕೇಜ್ ಇರುವುದಿಲ್ಲ, ಅಷ್ಟೇ. ಅದರೊಂದಿಗೆ ಆಟೋಕಾನ್ಫ್, ಆಟೋಮೇಕ್, ಲಿಬ್‌ಟೂಲ್ ಮತ್ತು ಬಿಲ್ಡ್ ಎಸೆನ್ಷಿಯಲ್ ಹಾಕಿಕೊಂಡಿರಿ. ಟೆಸರಾಕ್ಟ್ ನೆಚ್ಚುವ ಚಿತ್ರ ಸಂಸ್ಕರಣೆಯ ಲೈಬ್ರರಿ ಲೆಪ್ಟೋನಿಕಾ 1.74 ಅಥವಾ ಮೇಲಿನದು ಬೇಕು ಎಂದರೆ, ಹೆಡರ್ ಫೈಲುಗಳಿರುವ ಅದರ ಡೆವ್ ಪ್ಯಾಕೇಜ್ ಬೇಕು ಎಂದರ್ಥ. ಲೈಬ್ರರಿ ಮಾತ್ರ ಇದ್ದರೆ ಸಾಲದು. ಹೆಡರ್ ಫೈಲು ಸಿಗಲಿಲ್ಲ ಎಂಬ ಯಾವ ದೂರಿಗೂ ಮೊದಲ ಅನುಮಾನ ಇದೇ ಇರಲಿ. ಯಾವ ಪ್ಯಾಕೇಜಿನಲ್ಲಿ ಯಾವ ಹೆಡರ್ ಇದೆ ಎಂದು ಆಪ್ಟ್ ಫೈಲ್ ಹೇಳುತ್ತದೆ. ಕಾನ್ಫಿಗರ್ ಏಕೆ ಹಾಗೆ ತೀರ್ಮಾನಿಸಿತು ಎಂಬುದು ಕಾನ್ಫಿಗ್ ಡಾಟ್ ಲಾಗ್ ಫೈಲಿನಲ್ಲಿ ಇರುತ್ತದೆ. ಕೆಳಗಿನಿಂದ ಮೇಲಕ್ಕೆ ಓದಿ. ತೀರ ಕೆಳಗೆ ಹಾಳೆಗಟ್ಟಲೆ ಪಟ್ಟಿ ಇರುತ್ತದೆ, ಅದರ ಮೇಲೆ ನಿಜ ಸಂಗತಿ.

ಮೇಕ್ ಹಂತದಲ್ಲಿ ತೆರೆಯ ಕೊನೆಯ ಸಾಲು ಯಾವತ್ತೂ ದೋಷದ ಮೂಲವಲ್ಲ. ಅದು ಮೇಲಿನ ಯಾವುದೋ ಸೋಲಿನ ವರದಿ. ಎರಡು ಕೆಲಸ ಒಟ್ಟಿಗೆ ನಡೆಯುತ್ತಿದ್ದರೆ ಎರಡರ ಸಾಲುಗಳೂ ಕಲಸಿಕೊಳ್ಳುತ್ತವೆ. ಒಂದೇ ಕೆಲಸಕ್ಕೆ ಇಳಿಸಿ, ಬರುವುದೆಲ್ಲವನ್ನೂ ಟೀ ಕಮಾಂಡ್ ಮೂಲಕ ಫೈಲಿಗೂ ಹಾಯಿಸಿ, ಮೇಲಿನಿಂದ ಮೊದಲ ದೋಷವನ್ನು ಹುಡುಕಿ. ಟೀ ಎಂದರೆ ಕುಡಿಯುವ ಟೀ ಅಲ್ಲ. ತೋಟದಲ್ಲಿ ಸ್ಪ್ರಿಂಕ್ಲರ್ ಪೈಪನ್ನು ಎರಡು ಕಡೆಗೆ ತಿರುಗಿಸಲು ಹಾಕುತ್ತೇವಲ್ಲ, ಆ ಟೀ ಜಾಯಿಂಟಿನದೇ ಹೆಸರು.

ಕಂಪೈಲರ್ ಕೊಲ್ಲಲ್ಪಟ್ಟಿತು ಎಂಬ ದೂರು ಬಂದರೆ ಮೆಮೊರಿ ಸಾಲದೆ ಕರ್ನೆಲ್ ಅದನ್ನು ಮುಗಿಸಿದೆ. ಕರ್ನೆಲ್‌ನ ಮಾತುಗಳನ್ನು ತೋರಿಸುವ ಡಿಎಂಇಎಸ್‌ಜಿ ಕಮಾಂಡ್‌ನಲ್ಲಿ ಮೆಮೊರಿ ಮುಗಿದ ದಾಖಲೆ ಸಿಗುತ್ತದೆ. ಮೇಕ್‌ಗೆ ಜೆ ಎಂಬ ಆಯ್ಕೆಯನ್ನು ಸಂಖ್ಯೆಯಿಲ್ಲದೆ ಕೊಟ್ಟರೆ ಅದು ಮಿತಿಯಿಲ್ಲದೆ ಕೆಲಸಗಳನ್ನು ಎಬ್ಬಿಸುತ್ತದೆ, 4 ಜಿಬಿ ಎಲ್ಲಿಗೂ ಸಾಲದು. ಜೆ 2 ಅಥವಾ ಜೆ 1 ಕೊಡಿ, ಮೆಮೊರಿ ಸಾಲದಾಗ ಡಿಸ್ಕಿನಲ್ಲಿ ಜಾಗ ಕೊಡುವ ಸ್ವಾಪ್ ಫೈಲು ಇಟ್ಟುಕೊಳ್ಳಿ.

ಕಟ್ಟಿ ಮುಗಿದ ಮೇಲೆ

ಮೇಕ್ ಇನ್‌ಸ್ಟಾಲ್ ಆದ ನಂತರ ಟೆಸರಾಕ್ಟ್ ಓಡಿಸಿದರೆ ಹಂಚಿಕೆಯ ಲೈಬ್ರರಿ ತೆರೆಯಲಾಗಲಿಲ್ಲ ಎನ್ನಬಹುದು. ಹೊಸ ಲೈಬ್ರರಿಯ ವಿಳಾಸ ಯಂತ್ರದ ಪಟ್ಟಿಗೆ ಸೇರಿಲ್ಲ, ಅಷ್ಟೇ. ಸುಡೋ ಸಹಿತ ಎಲ್‌ಡಿಕಾನ್ಫಿಗ್ ಒಮ್ಮೆ ಓಡಿಸಿ. ಆವೃತ್ತಿ ಕೇಳಿದರೆ ಇನ್ನೂ 4.1.1 ಎಂದೇ ಹೇಳುತ್ತಿದ್ದರೆ, ಭಂಡಾರದಿಂದ ಹಾಕಿದ ಹಳೆಯದೂ ಜೊತೆಗಿದೆ. ಹೊಸದು ಯೂಸರ್ ಲೋಕಲ್ ಒಳಗೆ ಕುಳಿತಿರುತ್ತದೆ, ಟರ್ಮಿನಲ್‌ನಲ್ಲಿ ಕಮಾಂಡ್ ಓಡಿಸುವ ಶೆಲ್ ಮಾತ್ರ ಹಳೆಯ ದಾರಿಯನ್ನು ನೆನಪಿಟ್ಟುಕೊಂಡಿರುತ್ತದೆ. ಹ್ಯಾಶ್ ಆರ್ ಎಂದು ಕೊಟ್ಟು ಆ ನೆನಪನ್ನು ಅಳಿಸಿ, ಅಥವಾ ಹೊಸ ಟರ್ಮಿನಲ್ ತೆರೆಯಿರಿ.

ಕೊನೆಯದು, ಭಾಷೆಯ ದತ್ತಾಂಶದ ಫೈಲು ಸಿಗುತ್ತಿಲ್ಲ ಎಂಬ ದೂರು. ಸೋರ್ಸ್‌ನಿಂದ ಕಟ್ಟಿದಾಗ ಕನ್ನಡವಿರಲಿ, ಇಂಗ್ಲಿಷಿನ ದತ್ತಾಂಶವೂ ಜೊತೆಗೆ ಬರುವುದಿಲ್ಲ. ಕನ್ನಡದ ಸಂಕೇತ ಕೆಎಎನ್. ಆ ಹೆಸರಿನ ಟ್ರೈನ್ಡ್‌ಡೇಟಾ ಫೈಲನ್ನು ಇಳಿಸಿ ಟೆಸ್‌ಡೇಟಾ ಫೋಲ್ಡರಿನಲ್ಲಿ ಇಡಿ, ಟೆಸ್‌ಡೇಟಾ ಪ್ರಿಫಿಕ್ಸ್ ಎಂಬ ಪರಿಸರ ಚರಕ್ಕೆ ಆ ಫೋಲ್ಡರಿನ ವಿಳಾಸ ಕೊಡಿ. ವೇಗದ ಮಾದರಿ, ನಿಖರತೆಯ ಮಾದರಿ ಮುಂತಾದ ಬಗೆಯವು ಸಿಗುತ್ತವೆ. ಒತ್ತಕ್ಷರಗಳು ಒಂದಕ್ಕೊಂದು ಅಂಟಿಕೊಂಡಿರುವ ಹಳೆಯ ಮೊಳೆಯ ಅಚ್ಚಿಗೆ ನಾನು ಎರಡನೆಯದನ್ನೇ ಇಟ್ಟುಕೊಂಡಿದ್ದೇನೆ. ನಿಧಾನ, ಆದರೆ ಚಿಕ್ಕಪ್ಪ ಕೈಯಿಂದ ತಿದ್ದಬೇಕಾದ ತಪ್ಪುಗಳು ಕಡಿಮೆ. ಹೊಸ ಸೆಲ್ ಹಾಕಿದ ತಾರೀಖನ್ನು ಅವರೇ ಕ್ಯಾಬಿನೆಟ್ಟಿನ ಒಳಮೈಯಲ್ಲಿ ಮಾರ್ಕರಿನಿಂದ ಬರೆದಿದ್ದಾರೆ, ಕೈಗಡಿಯಾರ ನೋಡಿ ಗಂಟೆಯ ಸಮೇತ.